ಎತ್ತರ ಅಳೆದು ಒಳಗೆ ಬಿಡುವ ಜಾತ್ರೆ

ಮೈಸೂರು ಕಡೆಯ ದಶಪಥ ಹೆದ್ದಾರಿಯಿಂದ ಸರ್ವಿಸ್ ರಸ್ತೆಗಿಳಿದು, ತಟ್ಟೆ ಇಡ್ಲಿ ಹೋಟೆಲುಗಳ ಸಾಲು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮರಗಳ ತಲೆಯ ಮೇಲೆ ಕಬ್ಬಿಣದ ಹಳಿಯೊಂದು ಸುರುಳಿ ಸುತ್ತಿಕೊಂಡು ನಿಂತಿದ್ದು ಕಾಣಿಸಿತು. ಪಾರ್ಕಿನ ಹೆಸರು ಇಲ್ಲಿ ಬೇಡ. ಬೆಂಗಳೂರು ಸುತ್ತಿನವರಿಗೆ ಹೇಳದೆಯೂ ಗೊತ್ತಾಗುತ್ತದೆ. ದೂರದವರಿಗೆ ಗೊತ್ತಾಗದಿದ್ದರೂ ನಷ್ಟವಿಲ್ಲ, ಇಂಥ ಪಾರ್ಕುಗಳ ಒಳಗಿನ ಏರ್ಪಾಟು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಗೇಟಿಗೆ ಇನ್ನೂ ದೂರವಿರುವಾಗಲೇ ವ್ಯಾಪಾರ ಶುರುವಾಗಿತ್ತು. ರಸ್ತೆ ಬದಿಯ ಎರಡು ಮರಗಳಿಗೆ ಹಗ್ಗ ಕಟ್ಟಿ ಅದರ ಮೇಲೆ ಚಡ್ಡಿ, ಟೀ ಶರ್ಟು, ಲೆಗ್ಗಿಂಗ್ಸ್ ನೇತು ಹಾಕಿದ್ದರು. ಎಲ್ಲವೂ ನೈಲಾನ್, ಎಲ್ಲವೂ ಕಣ್ಣಿಗೆ ಹೊಡೆಯುವ ಬಣ್ಣ. "ತಗೊಳ್ಳಿ ಅಣ್ಣ, ಒಳಗಡೆ ಕಾಟನ್ ಹಾಕ್ಕೊಂಡ್ರೆ ನೀರಿಗೆ ಬಿಡಲ್ಲ, ಆಮೇಲೆ ಒಳಗಿನ ಅಂಗಡೀಲಿ ಡಬಲ್ ರೇಟು" ಎಂದರು ಮಾರುವ ಹೆಂಗಸು. ಒಳಗೆ ಹೋಗಿ ನೋಡಿದ ಮೇಲೆ ಹೇಳುತ್ತೇನೆ, ಡಬಲ್ ಅಲ್ಲದಿದ್ದರೂ ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಪಾರ್ಕಿಂಗ್ ಜಾಗದಲ್ಲಿ ಶಾಲೆಗಳ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದು ಟೆಂಪೋ ಟ್ರಾವೆಲರ್ ಪಕ್ಕ ಒಂದು ಸಂಸಾರ ಪೇಪರ್ ತಟ್ಟೆಗಳಲ್ಲಿ ಪುಳಿಯೋಗರೆ ಬಡಿಸಿಕೊಂಡು ಆತುರಾತುರವಾಗಿ ತಿನ್ನುತ್ತಿತ್ತು. ಬೆಳಗಿನ ಹತ್ತೂವರೆಗೆ ಇದೇನು ಊಟ ಅನಿಸಿತು. ಗೇಟಿನಲ್ಲಿ ಬ್ಯಾಗು ಬಿಚ್ಚಿಸಿದಾಗ ಉತ್ತರ ಸಿಕ್ಕಿತು: ಮನೆಯ ತಿಂಡಿ ಒಳಗೆ ಬಿಡುವುದಿಲ್ಲ. ನನ್ನ ಮುಂದಿದ್ದ ಅಜ್ಜಿಯ ಕೈಚೀಲದಿಂದ ಕೋಡುಬಳೆಯ ಪೊಟ್ಟಣ ಹೊರಬಂತು. ಸೆಕ್ಯೂರಿಟಿ ಹುಡುಗ ಅಜ್ಜಿಯ ಮುಖ ನೋಡಿದ, ಪೊಟ್ಟಣ ನೋಡಿದ, "ಅಜ್ಜಿ, ಇಲ್ಲೇ ತಿಂದ್ಬಿಡಿ" ಎಂದ. ಅಜ್ಜಿ ಅವನ ಕೈಗೂ ಎರಡು ಇಟ್ಟರು.

ಟಿಕೆಟ್ ಕೌಂಟರಿನ ಪಕ್ಕ ಒಂದು ಅಳತೆಯ ಕಂಬವಿತ್ತು. ಇಲ್ಲಿ ವಯಸ್ಸು ಯಾರೂ ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ಕೆಳಗಿನ ಗೆರೆಗಿಂತ ಗಿಡ್ಡವಿದ್ದ ಮಗುವಿಗೆ ಟಿಕೆಟ್ಟೇ ಇಲ್ಲ, ಮೇಲಿನ ಗೆರೆಯವರೆಗೆ ಮಕ್ಕಳ ದರ, ದಾಟಿದರೆ ಪೂರ್ತಿ ದರ. ಒಬ್ಬ ತಾಯಿ ಮಗನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತುತ್ತಿದ್ದರು. ಹುಡುಗನೂ ಮಂಡಿ ಸ್ವಲ್ಪ ಮಡಚಿ ಸಹಕರಿಸಿದ. ಅದೇ ಹುಡುಗ ಒಂದು ಗಂಟೆಯ ನಂತರ ರೋಲರ್ ಕೋಸ್ಟರ್ ಬಾಗಿಲಲ್ಲಿ ಇಂಥದೇ ಇನ್ನೊಂದು ಕಂಬಕ್ಕೆ ಬೆನ್ನು ಕೊಟ್ಟು ತುದಿಗಾಲಲ್ಲಿ ನಿಂತಿದ್ದ. ಅಲ್ಲಿನ ಗೆರೆ 140 ಸೆಂಟಿಮೀಟರ್. "ಹಿಮ್ಮಡಿ ಇಳಿಸು ಪುಟ್ಟ" ಎಂದ ಆಪರೇಟರ್. ಇಳಿಸಿದರೆ ಎರಡು ಬೆರಳು ಕಮ್ಮಿ. ತಾಯಿಗೆ ಉಳಿದ ದುಡ್ಡು ಮಗನಿಗೆ ಅಲ್ಲಿ ದಂಡವಾಯಿತು.

ಒಮ್ಮೆ ಟಿಕೆಟ್ ಕೊಂಡರೆ ದಿನವಿಡೀ ಯಾವ ಆಟವನ್ನು ಎಷ್ಟು ಸಲ ಬೇಕಾದರೂ ಆಡಬಹುದು. ನಮಗೆ ಇದೀಗ ಸಹಜವೆನಿಸುವ ಈ ಪದ್ಧತಿ ಹಿಂದೆ ಎಲ್ಲ ಕಡೆ ಇರಲಿಲ್ಲ. ಜಾತ್ರೆಯಲ್ಲಿ ತೊಟ್ಟಿಲಿಗೆ ಬೇರೆ ದುಡ್ಡು, ಸಾವಿನ ಬಾವಿಗೆ ಬೇರೆ ದುಡ್ಡು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ಜಗತ್ತಿಗೇ ಮಾದರಿಯಾದ ಪಾರ್ಕಿನಲ್ಲೂ 1982ರವರೆಗೆ ಆಟಕ್ಕೊಂದು ಚೀಟಿ ಹರಿದು ಕೊಡಬೇಕಿತ್ತು. ಇನ್ನು ಬೇಲಿ ಹಾಕಿ, ಗೇಟಿನಲ್ಲಿ ಪ್ರವೇಶದ ಹಣ ಪಡೆಯುವ ಏರ್ಪಾಟು 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಆರಂಭವಾಯಿತು ಎನ್ನುತ್ತದೆ ಇಂಥ ಪಾರ್ಕುಗಳ ಇತಿಹಾಸ. ಜಾತ್ರೆಗೆ ಯಾರು ಬೇಕಾದರೂ ಬರಬಹುದು, ಸುಮ್ಮನೆ ನೋಡಿಕೊಂಡೂ ಹೋಗಬಹುದು. ಬೇಲಿ ಬಂದ ದಿನ ಸುಮ್ಮನೆ ನೋಡುವವರು ಹೊರಗುಳಿದರು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಚಿಕ್ಕ ಮಕ್ಕಳ ವಿಭಾಗ: ಕುದುರೆ ಗಿರಗಿಟ್ಟೆ, ಪುಟಾಣಿ ರೈಲು, ತೆವಳುವ ಹುಳುವಿನ ಆಕಾರದ ಬಂಡಿ. ಇಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗಮನಿಸಿದ್ದು ಒಂದೇ, ಕುದುರೆಗಳ ಕಿವಿ. ಮೈಯ ಬಣ್ಣ ಹೊಸದಾಗಿ ಬಳಿದಿದ್ದರೂ ಕಿವಿಗಳ ತುದಿಯಲ್ಲಿ ಬಣ್ಣ ಸವೆದು ಒಳಗಿನ ಫೈಬರ್ ಗ್ಲಾಸ್ ಕಾಣುತ್ತಿತ್ತು. ಹಿಡಿಯಲು ಕಂಬವಿದ್ದರೂ ಮಕ್ಕಳು ಹಿಡಿಯುವುದು ಕಿವಿಯನ್ನೇ.

ಮುಂದೆ ರೋಲರ್ ಕೋಸ್ಟರ್. ಇದು ಬೂಮರಾಂಗ್ ಮಾದರಿಯದು. ರೈಲನ್ನು ಹಿಂದಕ್ಕೆ ಎಳೆದು, ಸುಮಾರು ಹನ್ನೆರಡು ಮಹಡಿ ಎತ್ತರದ ಇಳಿಜಾರಿನ ತುದಿಯಲ್ಲಿ ನಿಲ್ಲಿಸಿ, ಕೈ ಬಿಡುತ್ತಾರೆ. ಅದು ಕೆಳಗೆ ನುಗ್ಗಿ ಮೂರು ಸಲ ತಲೆಕೆಳಗಾಗಿ ಎದುರಿನ ಏರು ಹತ್ತುತ್ತದೆ. ಅಲ್ಲಿಂದ ಮತ್ತೆ ಬಿಟ್ಟಾಗ ಅದೇ ಹಾದಿಯಲ್ಲಿ ಹಿಮ್ಮುಖವಾಗಿ ಇನ್ನು ಮೂರು ಸಲ ತಲೆಕೆಳಗು. ಈ ಮಾದರಿ 1980ರ ದಶಕದಲ್ಲಿ ಬಂತು. ಆಮೇಲೆ ಇದೇ ಅಚ್ಚಿನವು ಎಷ್ಟೋ ದೇಶಗಳಲ್ಲಿ ಎದ್ದವು. ಕಾರಣ ಸರಳ: ಜಾಗ ಕಡಿಮೆ ಸಾಕು, ಒಂದೇ ಹಳಿಯಲ್ಲಿ ಎರಡು ಪಯಣ ಸಿಗುತ್ತದೆ.

ಸರದಿಯಲ್ಲಿ ನಿಂತವರಿಗೆ ಈ ರೈಲಿನಲ್ಲಿ ಎಂಜಿನ್ ಇಲ್ಲವೆಂದರೆ ನಂಬಿಕೆ ಬರುವುದಿಲ್ಲ. ಮೇಲೆ ಎಳೆಯಲಷ್ಟೇ ವಿದ್ಯುತ್, ಮಿಕ್ಕಿದ್ದೆಲ್ಲ ಗುರುತ್ವದ ಕೆಲಸ. ಈ ಉಪಾಯದ ಮೂಲ ಯಂತ್ರದಲ್ಲಿಲ್ಲ, ಮಂಜಿನಲ್ಲಿದೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚಳಿಗಾಲದಲ್ಲಿ ಮರದ ದಿಬ್ಬ ಕಟ್ಟಿ, ನೀರು ಸುರಿದು ಹೆಪ್ಪುಗಟ್ಟಿಸಿ, ಜನ ಅದರ ಮೇಲಿಂದ ಜಾರುತ್ತಿದ್ದರು. 1817ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಅದಕ್ಕೆ ಗಾಲಿ ಬಂತು. ಅತ್ತ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೆಟ್ಟದಿಂದ ಕಲ್ಲಿದ್ದಲು ಇಳಿಸಲು 1827ರಲ್ಲಿ ಹಾಕಿದ್ದ ಹಳಿಯ ಮೇಲೆ ಮುಂದೆ ಜನ ದುಡ್ಡು ಕೊಟ್ಟು ಕೂರತೊಡಗಿದರು. ಇದನ್ನೆಲ್ಲ ನೋಡಿ 1884ರಲ್ಲಿ ಕೋನಿ ಐಲೆಂಡಿನಲ್ಲಿ ಒಂದು ಹಳಿ ಹಾಕಿದರು. ವೇಗ ಗಂಟೆಗೆ ಆರು ಮೈಲಿ, ಅಂದರೆ ನಮ್ಮ ಸೈಕಲ್ಲಿಗಿಂತ ನಿಧಾನ. ದರ ಐದು ಸೆಂಟ್. ಅಷ್ಟಕ್ಕೇ ಜನ ಮುಗಿಬಿದ್ದರಂತೆ.

ತಲೆಕೆಳಗಾಗುವ ಸುತ್ತನ್ನು ಕೆಳಗೆ ನಿಂತು ದಿಟ್ಟಿಸಿ ನೋಡಿ. ಅದು ಪೂರ್ತಿ ಗುಂಡಗಿಲ್ಲ, ಹನಿಯ ಹಾಗೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದೆ. 1895ರಲ್ಲಿ ಕೋನಿ ಐಲೆಂಡಿನಲ್ಲೇ ಪಕ್ಕಾ ವೃತ್ತಾಕಾರದ ಸುತ್ತೊಂದನ್ನು ಕಟ್ಟಿದ್ದರು. ವೃತ್ತದೊಳಗೆ ಹೊಕ್ಕ ಗಳಿಗೆಯಲ್ಲೇ ದೇಹದ ಮೇಲೆ ಒಮ್ಮೆಗೇ ಭಾರ ಬಿದ್ದು ಸವಾರರ ಕತ್ತು ಉಳುಕುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಮತ್ತೆ ಸುತ್ತುಗಳಿಗೆ ಜೀವ ಬಂದದ್ದು 1970ರ ದಶಕದಲ್ಲಿ, ಭಾರ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವಂತೆ ಈ ಹನಿಯಾಕಾರ ಬಂದ ಮೇಲೆ. ಗಾಲಿಗಳನ್ನೂ ನೋಡಿ: ಹಳಿಯ ಮೇಲೆ ಒಂದು ಜೋಡಿ, ಪಕ್ಕದಲ್ಲಿ ಒಂದು ಜೋಡಿ, ಹಳಿಯ ಕೆಳಗೆ ಒಂದು ಜೋಡಿ. ರೈಲು ತಲೆಕೆಳಗಾದಾಗಲೂ ಹಳಿ ಬಿಟ್ಟು ಬೀಳದಂತೆ ಕಾಯುವುದು ಆ ಕೆಳಗಿನ ಜೋಡಿ. ಅದಕ್ಕೆ 1919ರಲ್ಲೇ ಪೇಟೆಂಟ್ ಸಿಕ್ಕಿತ್ತು. ನೂರು ವರ್ಷ ದಾಟಿದ ಯುಕ್ತಿಯನ್ನು ನಂಬಿಕೊಂಡೇ ಎಲ್ಲರೂ ಕಿರುಚುವುದು.

ನಾನೂ ಕೂತೆ. ಭುಜದ ಮೇಲಿನ ಸರಳು ಕೆಳಗಿಳಿದು ಲಾಕ್ ಆಯಿತು. ಆಪರೇಟರ್ ಒಬ್ಬೊಬ್ಬರ ಸರಳನ್ನೂ ಎರಡೆರಡು ಸಲ ಮೇಲಕ್ಕೆ ಜಗ್ಗಿ ನೋಡಿದ. ಎದುರು ತುದಿಯಲ್ಲಿದ್ದ ಇನ್ನೊಬ್ಬನಿಗೆ ಹೆಬ್ಬೆರಳು ತೋರಿಸಿದ. ಅವನೂ ತೋರಿಸಿದ ಮೇಲಷ್ಟೇ ರೈಲು ಅಲುಗಿತು. ಹಿಂದಕ್ಕೆ ಏರುವಾಗ ಮುಖ ನೆಲದ ಕಡೆಗೇ ಇರುತ್ತದೆ. ನಾವು ನಿಂತಿದ್ದ ಸರದಿ, ಚಪ್ಪಲಿ ಬಿಟ್ಟಿದ್ದ ಜಾಗ ಎಲ್ಲ ಸಣ್ಣದಾಗುತ್ತ ಹೋಗುತ್ತವೆ. ನಿಜ ಹೇಳಬೇಕೆಂದರೆ ಭಯವೆಲ್ಲ ಅಲ್ಲೇ, ಆ ನಿಧಾನದಲ್ಲೇ. ಬಿಟ್ಟ ಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲಾರೆ. ಎಷ್ಟನೆಯ ಸಲ ಆಕಾಶ ಕಂಡಿತು, ಎಷ್ಟನೆಯ ಸಲ ನೆಲ ಕಂಡಿತು, ಲೆಕ್ಕ ಸಿಗಲಿಲ್ಲ. ಪಕ್ಕದ ಸೀಟಿನ ಕಾಲೇಜು ಹುಡುಗಿ ಮಾತ್ರ ಇಳಿದವಳೇ ಮತ್ತೆ ಸರದಿಯ ಬಾಲ ಹಿಡಿಯಲು ಓಡಿದಳು.

ಅಲ್ಲಿಂದ ಎಡಕ್ಕೆ ತಿರುಗಿದರೆ ಬೀಳುವ ಗೋಪುರ. ಜನರನ್ನು ಮೇಲೆ ಕೂರಿಸಿ ಸುಮ್ಮನೆ ಬಿಡುವುದು, ಇಷ್ಟೇ. ಇಪ್ಪತ್ತು ಮೀಟರ್ ಬೀಳಲು ಬೇಕಾದದ್ದು ಎರಡು ಸೆಕೆಂಡು. ಅದಕ್ಕಾಗಿ ಜನ ಅರ್ಧ ಗಂಟೆ ಬಿಸಿಲಲ್ಲಿ ಕಾಯುತ್ತಿದ್ದರು. ಇಂಥ ಗೋಪುರಗಳಲ್ಲಿ ಸಾಮಾನ್ಯವಾಗಿ ಅಯಸ್ಕಾಂತದ ಬ್ರೇಕು ಇರುತ್ತದೆ. ಅಯಸ್ಕಾಂತದ ನಡುವೆ ಲೋಹದ ಪಟ್ಟಿ ವೇಗವಾಗಿ ಹಾದಾಗ ತಾನೇ ತಡೆ ಹುಟ್ಟುತ್ತದೆ, ಹಾಗಾಗಿ ಕರೆಂಟು ಹೋದರೂ ಬ್ರೇಕು ಹಿಡಿಯುತ್ತದೆ. ಇದನ್ನು ಸರದಿಯಲ್ಲಿದ್ದ ಒಬ್ಬರಿಗೆ ಹೇಳಿದೆ, ಧೈರ್ಯ ಬರಲಿ ಎಂದು. ಅವರು "ಕರೆಂಟು ಹೋಗುತ್ತಾ?" ಎಂದು ಕೇಳಿ ಸರದಿಯಿಂದಲೇ ಹೊರಬಿದ್ದರು.

ತೂಗುವ ಹಡಗು, ಗುದ್ದಾಡುವ ಕಾರು, ಭೂತದ ಮನೆ, ಇವೆಲ್ಲವನ್ನೂ ದಸರಾ ವಸ್ತುಪ್ರದರ್ಶನಕ್ಕೆ ಹೋದವರು ಕಂಡೇ ಇರುತ್ತಾರೆ. ಭೂತದ ಮನೆಯ ಭೂತಗಳು ದಣಿದಿದ್ದವು. ಒಳಗೆ ಇದ್ದದ್ದರಲ್ಲಿ ಭಯ ಹುಟ್ಟಿಸಿದ್ದು ಏಸಿಯ ಚಳಿಯೊಂದೇ.

ದೊಡ್ಡ ತೊಟ್ಟಿಲು ಹತ್ತಿದೆ. ಮೇಲಿನಿಂದ ಪಾರ್ಕಿನ ನಕ್ಷೆ ಪೂರ್ತಿ ಕಾಣುತ್ತದೆ. ಬೇಲಿಯ ಒಳಗೆ ಹಸಿರು, ನೀಲಿ ನೀರು. ಹೊರಗೆ ರಾಗಿ ಹೊಲ, ಲೇಔಟಿನ ಕಲ್ಲುಗಳು, ಕಾರ್ಖಾನೆಯ ಶೀಟು. ದೂರದಲ್ಲಿ ಬಂಡೆಗುಡ್ಡಗಳ ಸಾಲು. ಅವು ರಾಮನಗರದವೇ ಇರಬೇಕು, ಮಬ್ಬಿನಲ್ಲಿ ಖಚಿತವಾಗಲಿಲ್ಲ. ತೊಟ್ಟಿಲಿನ ಕಥೆ ರೋಲರ್ ಕೋಸ್ಟರಿಗಿಂತ ಹಳೆಯದು. 1893ರ ಷಿಕಾಗೊ ಮೇಳದಲ್ಲಿ ನಿಲ್ಲಿಸಿದ 264 ಅಡಿಯ ಉಕ್ಕಿನ ಚಕ್ರವನ್ನೇ ಎಲ್ಲರೂ ಮೊದಲನೆಯದೆಂದು ಹೇಳುತ್ತಾರೆ. ಅದರ 36 ಪೆಟ್ಟಿಗೆಗಳಲ್ಲಿ ಒಮ್ಮೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಿತ್ತು, ನಿಜ. ಆದರೆ ಮರದ ತೊಟ್ಟಿಲುಗಳು ಅದಕ್ಕಿಂತ ಎಷ್ಟೋ ಮೊದಲೇ ಇದ್ದವು. ಇಟಲಿಯ ಪ್ರವಾಸಿಯೊಬ್ಬ 1615ರಲ್ಲಿ ಇಸ್ತಾಂಬುಲಿನ ರಂಜಾನ್ ಸಂಭ್ರಮದಲ್ಲಿ ಇಂಥದೊಂದರಲ್ಲಿ ಕೂತು ಸುತ್ತಿದ್ದನ್ನು ಬರೆದಿಟ್ಟಿದ್ದಾನೆ. ನಮಗೆ ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಎಂಟು ವರ್ಷ ಕಳೆದು, 1623ರಲ್ಲಿ, ಅದೇ ಮನುಷ್ಯ ನಮ್ಮ ಮಲೆನಾಡಿನ ಇಕ್ಕೇರಿಗೆ ಬಂದಿದ್ದ. ಅಲ್ಲಿ ಕಂಡದ್ದನ್ನೂ ವಿವರವಾಗಿ ಬರೆದ. ತೊಟ್ಟಿಲು ಹತ್ತಿದ್ದವನ ಕಣ್ಣು ಕೆಳದಿ ನಾಯಕರ ರಾಜಧಾನಿಯನ್ನೂ ನೋಡಿತ್ತು ಎಂಬುದು ಮೇಲೆ ಕೂತಿದ್ದಾಗ ನೆನಪಾಗಿ ಖುಷಿಯಾಯಿತು.

ನಮ್ಮ ದೇಶದಲ್ಲಿ ಈ ಬಗೆಯ ಕಾಯಂ ಪಾರ್ಕುಗಳ ಕಥೆ ದೆಹಲಿಯ ಪ್ರಗತಿ ಮೈದಾನದಲ್ಲಿ 1984ರಲ್ಲಿ ಮೊದಲಾಯಿತು. 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರನ್ನೇ ಅದಕ್ಕಿಟ್ಟಿದ್ದರು. 2008ರಲ್ಲಿ ಅದು ಮುಚ್ಚಿತು. 1989ರಲ್ಲಿ ಮುಂಬೈಯ ಗೊರಾಯಿಯಲ್ಲಿ ಇನ್ನೊಂದು ಬಂತು, ಅಲ್ಲಿಗೆ ದೋಣಿಯಲ್ಲಿ ಹೋಗಬೇಕಿತ್ತು. ಟೀವಿ ಜಾಹೀರಾತಿನಿಂದಾಗಿ ಅದನ್ನು ಕಣ್ಣಾರೆ ನೋಡದ ನಮ್ಮೂರ ಹುಡುಗರಿಗೂ ಅದರ ಹೆಸರು ಬಾಯಿಪಾಠವಾಗಿತ್ತು. ಆಗ ನಮಗೆ ದಕ್ಕಿದ್ದು ಕಬ್ಬನ್ ಪಾರ್ಕಿನ ಪುಟಾಣಿ ರೈಲು, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಜಾತ್ರೆಯಂಥ ದೊಡ್ಡ ಜಾತ್ರೆಗಳಲ್ಲಿ ನಿಲ್ಲುವ ತೊಟ್ಟಿಲು, 1880ರಿಂದ ನಡೆದುಬಂದಿರುವ ಮೈಸೂರಿನ ವಸ್ತುಪ್ರದರ್ಶನ. ಬೆಂಗಳೂರು, ಮೈಸೂರುಗಳ ಅಂಚಿನಲ್ಲಿ ಎಕರೆಗಟ್ಟಲೆ ಹರಡಿಕೊಂಡ ದೊಡ್ಡ ಪಾರ್ಕುಗಳು ಎದ್ದದ್ದು 2000ದ ಆಸುಪಾಸಿನ ಮತ್ತು ನಂತರದ ಮಾತು. ಐಟಿ ಸಂಬಳ, ಶಾಲಾ ಪ್ರವಾಸ, ಒಳ್ಳೆಯ ಹೆದ್ದಾರಿ, ಮೂರೂ ಒಟ್ಟಿಗೆ ಕೂಡಿಬಂದ ಕಾಲವದು.

ಊಟದ ಬಗ್ಗೆ ಉದ್ದಕ್ಕೆ ಹೇಳುವಂಥದ್ದಿಲ್ಲ. ಮೊಸರನ್ನ ಚೆನ್ನಾಗಿತ್ತು, ಮಿಕ್ಕಿದ್ದು ದುಬಾರಿ. ಪುಳಿಯೋಗರೆ ತಿಂದು ಒಳಗೆ ಬಂದ ಸಂಸಾರ ಜಾಣರದ್ದು.

ಮಧ್ಯಾಹ್ನ ಎರಡರ ಹೊತ್ತಿಗೆ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಅರ್ಧ ಗಂಟೆ ಕಾಯಿಸಿದ್ದ ಆಟಗಳ ಮುಂದೆ ಜನವೇ ಇಲ್ಲ. ಎಲ್ಲಿ ಹೋದರು? ಕೇಳುವ ಅಗತ್ಯ ಬೀಳಲಿಲ್ಲ, ತೇವದ ಹೆಜ್ಜೆಗುರುತುಗಳು ದಾರಿ ತೋರಿಸುತ್ತಿದ್ದವು. ಇಡೀ ಪಾರ್ಕು ನೀರಿಗಿಳಿದಿತ್ತು.

ಬಟ್ಟೆ ಬದಲಿಸುವ ಕೋಣೆ, ಲಾಕರ್, ಶವರ್ ದಾಟಿ ಹೋಗಬೇಕು. ಬಾಗಿಲಲ್ಲಿ ನಿಂತವರು ಬಟ್ಟೆಯನ್ನು ಮುಟ್ಟಿ ನೋಡಿ ಒಳಗೆ ಬಿಡುತ್ತಾರೆ. ಕಾಟನ್ ಯಾಕೆ ಬೇಡ ಎಂದು ಕೇಳಿದ್ದಕ್ಕೆ, "ದಾರ ಬಿಡುತ್ತೆ ಸಾರ್, ಫಿಲ್ಟರ್ ಕಟ್ಕೊಳ್ಳುತ್ತೆ" ಎಂದರು. ಕೊಳಗಳ ನೀರು ಸದಾ ಮರಳಿನ ಫಿಲ್ಟರುಗಳ ಮೂಲಕ ಹಾದು, ಕ್ಲೋರಿನ್ ಸೇರಿ, ಮತ್ತೆ ಕೊಳಕ್ಕೇ ಬರುತ್ತದೆ. ಸಾವಿರಾರು ಜನರ ಬನಿಯನ್ನು, ಲುಂಗಿ, ಸೀರೆಗಳ ನೂಲು ಅದಕ್ಕೆ ಸೇರಿದರೆ ಪಂಪಿನ ಗತಿ ಮುಗಿಯಿತು. ನೆನೆದ ಹತ್ತಿ ಬಟ್ಟೆ ಭಾರವೂ ಹೌದು. ಲೋಹದ ಬಟನ್ನು, ಜಿಪ್ಪು ಇದ್ದರೆ ಜಾರುಬಂಡೆಯ ಮೈ ಗೀರುತ್ತದೆ. ರಸ್ತೆ ಬದಿಯ ಹೆಂಗಸಿನ ವ್ಯಾಪಾರ ನಿಂತಿರುವುದು ಈ ಫಿಲ್ಟರಿನ ಮೇಲೆ.

ಅಲೆಯ ಕೊಳದ ದಂಡೆಯಲ್ಲಿ ಬಹಳ ಹೊತ್ತು ನಿಂತೆ. ಒಂದು ಸೈರನ್ ಕೂಗಿತು. ಕೊಳದ ಆಳದ ಕಡೆಯ ಗೋಡೆಯ ಹಿಂದೆ ಏನೋ ಉಸಿರುಬಿಟ್ಟ ಸದ್ದು. ಗೋಡೆಯಾಚೆ ಕೋಣೆಗಳಿದ್ದು, ಬ್ಲೋವರುಗಳು ಅವುಗಳೊಳಗಿನ ನೀರನ್ನು ಗಾಳಿಯಿಂದ ತಳ್ಳುತ್ತವೆ, ಅಲೆ ಹುಟ್ಟುತ್ತದೆ. ಯಂತ್ರದಿಂದ ಅಲೆ ಎಬ್ಬಿಸುವುದು ಜರ್ಮನಿಯಲ್ಲಿ ಡ್ರೆಸ್ಡೆನ್ ಹತ್ತಿರ 1912ರಲ್ಲೇ ಆಗಿತ್ತು. 1969ರಲ್ಲಿ ಅಮೆರಿಕದವರು ಅದನ್ನು ಅರಿಜೋನಾದ ಮರುಭೂಮಿಯಲ್ಲಿ ಕಟ್ಟಿದರು, ಸಮುದ್ರ ಕಾಣದ ಊರಲ್ಲಿ. ಕರಾವಳಿಯವರು ಇದನ್ನು ನೋಡಿ ನಗಬಹುದು. ನನಗೆ ನಗು ಬರಲಿಲ್ಲ, ಪಕ್ಕದಲ್ಲಿ ಕಲಬುರಗಿ ಕಡೆಯ ಶಾಲೆಯ ಮಕ್ಕಳಿದ್ದರು. ಮೊದಲ ಅಲೆ ಮೊಣಕಾಲಿಗೆ ಬಡಿದಾಗ ಒಬ್ಬ ಹುಡುಗ ನೀರನ್ನು ಬೊಗಸೆಯಲ್ಲಿ ತುಂಬಿ ನಾಲಿಗೆಗೆ ಮುಟ್ಟಿಸಿದ. "ಸರ್ರ, ಉಪ್ಪ ಇಲ್ಲರೀ!" ಎಂದು ಕೂಗಿದ. "ಏ, ಕುಡೀಬ್ಯಾಡೋ, ಔಷಧ ಹಾಕ್ಯಾರ ಅದಕ್ಕ" ಎಂದು ಮೇಷ್ಟ್ರು ಸೀಟಿ ಊದಿದರು. ಹುಡುಗನ ಮುಖದಲ್ಲಿ ಸಣ್ಣ ನಿರಾಸೆ. ಮುಂದಿನ ಅಲೆಗೆ ಅದು ತೊಳೆದುಹೋಯಿತು.

ಅದರಾಚೆ ನಿಧಾನವಾಗಿ ಹರಿಯುವ ಕಾಲುವೆ. ಟ್ಯೂಬಿನಲ್ಲಿ ಕೂತರೆ ನೀರೇ ಸುತ್ತಿಸಿಕೊಂಡು ಬರುತ್ತದೆ. ಗೇಟಿನಲ್ಲಿ ಕಂಡ ಕೋಡುಬಳೆ ಅಜ್ಜಿ ಅಲ್ಲಿದ್ದರು! ನೇರಳೆ ಬಣ್ಣದ ನೈಲಾನ್ ಪ್ಯಾಂಟು, ಉದ್ದ ಅಂಗಿ, ಟ್ಯೂಬಿನ ಎರಡೂ ಬದಿಯನ್ನು ಬಿಗಿಯಾಗಿ ಹಿಡಿದ ಕೈ. "ಅಜ್ಜಿ, ಇಳೀತೀರಾ?" ಎಂದು ಮೊಮ್ಮಗಳು ಕೇಳಿದರೆ, "ಇನ್ನೊಂದ್ ಸುತ್ತು" ಎಂದು ತೇಲಿಕೊಂಡು ಹೋದರು. ರೋಲರ್ ಕೋಸ್ಟರಿನ ಬಳಿ ಈ ವಯಸ್ಸಿನವರೆಲ್ಲ ಬ್ಯಾಗು ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದರು. ಇಲ್ಲಿ ಬ್ಯಾಗು ಕಾಯಲು ಯಾರೂ ಇಲ್ಲ.

ಇನ್ನೂ ಮುಂದೆ ಮಳೆ ಡಿಸ್ಕೊ. ಕತ್ತಲೆ ಕೋಣೆ, ಬಣ್ಣದ ದೀಪ, ಮೇಲಿನಿಂದ ಬೆಚ್ಚಗಿನ ನೀರಿನ ಮಳೆ, ಕನ್ನಡ ಸಿನಿಮಾ ಹಾಡಿನ ಅಬ್ಬರ. ಹೆಂಗಸರು ಕುಣಿಯುತ್ತಿದ್ದರು, ಗಂಡಂದಿರು ಗೋಡೆಗೆ ಒರಗಿ ಸಂಕೋಚದಿಂದ ನಿಂತಿದ್ದರು. ಹಳಿ, ಗೋಪುರ, ಚಕ್ರ ಇವೆಲ್ಲ ಹೊರಗಿನಿಂದ ಬಂದ ಅಚ್ಚುಗಳು, ಇಲ್ಲಿರುವಂತೆಯೇ ಜಗತ್ತಿನ ಎಲ್ಲ ಕಡೆ ಇವೆ. ನಮ್ಮ ಜನ ತಮ್ಮದಾಗಿಸಿಕೊಂಡಿರುವುದು ನೀರನ್ನು. ಜಾಹೀರಾತಿನ ಬೋರ್ಡಿನ ಮೇಲೆ ರೋಲರ್ ಕೋಸ್ಟರಿನ ಚಿತ್ರ ದೊಡ್ಡದಾಗಿರುತ್ತದೆ, ಆದರೆ ನಾಲ್ಕು ತಲೆಮಾರು ಒಟ್ಟಿಗೆ ಆಡಬಹುದಾದ ಜಾಗ ಈ ಕೊಳಗಳೇ. ನನಗೆ ಹಾಗೆ ಕಂಡಿತು. ವಾರಾಂತ್ಯದ ಗದ್ದಲದಲ್ಲಿ ನೋಡಿದ್ದರೆ ಬೇರೆ ಅನಿಸುತ್ತಿತ್ತೇನೋ.

ನೀರಿನ ವಿಭಾಗದ ಹಿಂಬದಿ, ಜಾಲರಿ ಬೇಲಿಯಾಚೆ, ಪಂಪ್‌ಹೌಸ್ ಕಾಣುತ್ತದೆ. ಅತ್ತ ಯಾರೂ ಹೋಗುವುದಿಲ್ಲ. ನೀಲಿ ಪೈಪುಗಳು, ಎದೆಯೆತ್ತರದ ಫಿಲ್ಟರ್ ಡ್ರಮ್ಮುಗಳು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ರಿಜಿಸ್ಟರ್. ನೀರಿನ ಸ್ಯಾಂಪಲ್ ತೆಗೆದ ಸಣ್ಣ ಗಾಜಿನ ಕೊಳವೆಯನ್ನು ಒಬ್ಬರು ಬೆಳಕಿಗೆ ಹಿಡಿದು ಬಣ್ಣ ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಮಾತಿಗೆಳೆದೆ. ಬೆಳಿಗ್ಗೆ ಗೇಟು ತೆರೆಯುವ ಮೊದಲೇ ಪ್ರತಿ ಆಟವನ್ನೂ ಜನವಿಲ್ಲದೆ ಓಡಿಸಿ ನೋಡುತ್ತಾರಂತೆ, ಬೋಲ್ಟು, ಬೆಲ್ಟು, ಲಾಕು ಎಲ್ಲ ಪರೀಕ್ಷಿಸಿ ಸಹಿ ಹಾಕಿದ ಮೇಲೆಯೇ ಜನರನ್ನು ಕೂರಿಸುವುದಂತೆ. "ನೀವು ಇದರಲ್ಲೆಲ್ಲ ಕೂತಿದ್ದೀರಾ?" ಎಂದೆ. "ಕೆಲಸಕ್ಕೆ ಸೇರಿದಾಗ ಕೂತಿದ್ದೆ ಸಾರ್. ಈಗ ನನ್ ಮಗಳು ಬಂದ್ರೆ ನೀರಿಗೆ ಮಾತ್ರ" ಎಂದು ನಕ್ಕರು.

ಐದರ ಸುಮಾರಿಗೆ ಹೊರಡುವವರ ಸಾಲು ಶುರುವಾಯಿತು. ಹೊರಗೆ ಹೋಗುವ ದಾರಿ ಅಂಗಡಿಯ ಒಳಗಿಂದಲೇ. ರೋಲರ್ ಕೋಸ್ಟರಿನಲ್ಲಿ ತಾನಾಗಿ ತೆಗೆದ ಫೋಟೊಗಳು ಅಲ್ಲಿ ಪರದೆಯ ಮೇಲೆ ಬರುತ್ತಿದ್ದವು. ನನ್ನದನ್ನು ನೋಡಿದೆ, ಕೊಳ್ಳಲಿಲ್ಲ.

ಹೋಗುವ ಮನಸ್ಸಿದ್ದವರಿಗೆ ನಾಲ್ಕು ಮಾತು. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಡಿಸೆಂಬರ್, ಜನವರಿ ಶಾಲಾ ಪ್ರವಾಸದ ಕಾಲ, ಆಗ ಯಾವ ವಾರವೂ ಖಾಲಿ ಇರುವುದಿಲ್ಲ. ಬೆಳಿಗ್ಗೆ ತಿಂಡಿ ಹೊರಗೇ ಮುಗಿಸಿ, ಆದರೆ ಹೊಟ್ಟೆ ಬಿರಿಯುವಷ್ಟು ಬೇಡ. ನೈಲಾನ್ ಬಟ್ಟೆಯನ್ನು ಮನೆಯಿಂದಲೇ ಒಯ್ಯಿರಿ, ಇಲ್ಲವಾದರೆ ರಸ್ತೆ ಬದಿಯ ಹಗ್ಗದ ಮೇಲಿನಿಂದ ಕೊಳ್ಳಿ. ತಲೆಕೆಳಗಾಗುವ ಆಟಗಳ ಆಸೆಯಿದ್ದರೆ ಅವನ್ನು ಮಧ್ಯಾಹ್ನ ಎರಡರ ನಂತರಕ್ಕೆ ಇಟ್ಟುಕೊಳ್ಳಿ, ಆಗ ಸರದಿ ಇರುವುದಿಲ್ಲ. ಬೆನ್ನು ನೋವು, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಪ್ರತಿ ಆಟದ ಮುಂದಿನ ಬೋರ್ಡನ್ನು ಓದದೆ ಹತ್ತಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದೊಯ್ಯಿರಿ, ಒಂದು ಜೊತೆ ನೈಲಾನ್ ಬಟ್ಟೆ ಅವರಿಗೂ ಇರಲಿ.